ಊರಿಲ್ಲದ ನೊಣದ ಹೆಸರು

ಅರಸೀಕೆರೆಯ ಶಾಸನವೊಂದನ್ನು ಉದಾಹರಿಸುವ ವಿದ್ವಾಂಸನು ಅದರ ಪಾಠಕ್ಕಿಂತ ಮೊದಲು ತಾಲ್ಲೂಕನ್ನೂ ಸಂಖ್ಯೆಯನ್ನೂ ಹೇಳುತ್ತಾನೆ, ಬಿ. ಎಲ್. ರೈಸ್ ಅವರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದಾಗಲೂ ಅನುಸರಿಸಿದ ಈ ಕ್ರಮದಿಂದಾಗಿ, ಕಲ್ಲು ಮುಂದೆ ಎಲ್ಲಿಗೆ ಸಾಗಿಹೋದರೂ ಅದು ಯಾವ ನೆಲದ್ದೆಂಬುದು ಅಳಿಯುವುದಿಲ್ಲ. ಕೀಟಸಂಗ್ರಹದಲ್ಲಿ ಇದಕ್ಕೆ ಸಮನಾದುದು ಸೂಜಿಯ ಕೆಳಗೆ ಚುಚ್ಚಿದ ಪುಟ್ಟ ಚೀಟಿ: ಊರು, ದಿನ, ಹಿಡಿದವರ ಹೆಸರು. ಆ ಚೀಟಿಯೇ ಇಲ್ಲದ ದೊಡ್ಡದೊಂದು ದರೋಡೆನೊಣವನ್ನು, ಎಂದರೆ ಹಾರುವ ಕೀಟಗಳನ್ನು ಹಾರುತ್ತಲೇ ಹಿಡಿಯುವ ಬೇಟೆನೊಣವನ್ನು, ಇಂಥದೇ ಎಂದು ಗುರುತಿಸಬಹುದೇ, ಗುರುತಿಸಿದರೂ ಆ ಜ್ಞಾನದ ಬೆಲೆಯೆಷ್ಟು ಎಂಬುದು ಪ್ರಮಾಣಶಾಸ್ತ್ರದ ಪ್ರಶ್ನೆಯೇ ಸರಿ.

ಶರೀರವು ಬಹಳಷ್ಟನ್ನು ಹೇಳುತ್ತದೆ, ನಿಜ. ಉಬ್ಬಿದ ಕಣ್ಣುಗಳ ನಡುವೆ ತಗ್ಗಾದ ನೆತ್ತಿ, ಮುಖದಲ್ಲಿ ಗಡ್ಡದಂತೆ ಮುಂಚಾಚಿದ ಬಿರುಗೂದಲು, ಬೇಟೆಯ ಒಡಲೊಳಗೆ ಲಾಲಾರಸವನ್ನು ಹರಿಸಿ ಕರಗಿದ್ದನ್ನು ಹೀರುವ ಗಟ್ಟಿ ಸೊಂಡಿಲು, ಇಷ್ಟು ಕಂಡರೆ ಅಸಿಲಿಡೆ ಕುಟುಂಬವೆಂದು ನಿಶ್ಚಯಿಸಬಹುದು. ರೆಕ್ಕೆಯ ಅಂಚಿನ ಒಳಗಿನ ಕೋಶಗಳು ಎರಡರ ಬದಲು ಮೂರಿದ್ದರೆ ಪ್ರೊಮಾಕಸ್ ಕುಲದತ್ತ ಕೈತೋರಬಹುದು. ಆದರೆ ಈ ಕುಟುಂಬದಲ್ಲಿ ವರ್ಣಿತವಾದ ಪ್ರಭೇದಗಳು 7,000ಕ್ಕೂ ಮಿಗಿಲು. ಅವುಗಳ ನಿರ್ಣಯಕ್ಕೆ ಅನೇಕ ವೇಳೆ ಗಂಡಿನ ಜನನಾಂಗದ ರಚನೆಯನ್ನೇ ನೋಡಬೇಕಾಗುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಒಣಕೀಟಗಳನ್ನು ತಿನ್ನುವ ಹುಳುಗಳು ಆ ಭಾಗವನ್ನು ಉಳಿಸಿರುತ್ತವೆಂಬ ಭರವಸೆಯಿಲ್ಲ.

ಆಗ ಹುಟ್ಟುವುದು ಪ್ರಲೋಭನೆ. ಪೆಟ್ಟಿಗೆ ಹಾಸನದ ಕಡೆಯದು, ಹಾಸನದಲ್ಲಿ ಸಿಗುವುದು ಇಂಥ ಪ್ರಭೇದ, ಆದಕಾರಣ ಇದೂ ಅದೇ ಎಂದು ಹೆಸರಿಟ್ಟು, ಬಳಿಕ ಆ ಹೆಸರನ್ನೇ ನೆಚ್ಚಿ ಆ ಪ್ರಭೇದವು ಹಾಸನದಲ್ಲಿ ಉಂಟೆಂದು ಬರೆದುಬಿಟ್ಟರೆ, ನಮ್ಮ ತಾರ್ಕಿಕರು ಅನ್ಯೋನ್ಯಾಶ್ರಯವೆಂದು ನಿರಾಕರಿಸಿದ ದೋಷವು ವಿಜ್ಞಾನದ ವೇಷದಲ್ಲಿ ಮರಳಿ ಬಂದಂತಾಯಿತು. ಅದೂ ಯಾವ ಹಾಸನ? ಮಲೆನಾಡಿನ ಅಂಚಿನ ಬೇಲೂರಿಗೂ ತೆಂಗಿನ ತೋಟಗಳ ಅರಸೀಕೆರೆಯ ಒಣ ಬಯಲಿಗೂ ಮಳೆಯಲ್ಲಿ ಅಜಗಜಾಂತರವಿರುವಾಗ, ಜಿಲ್ಲೆಯ ಹೆಸರು ಕೂಡ ನೊಣದ ಮಟ್ಟಿಗೆ ಅರ್ಧ ಸತ್ಯವೇ.

ಹಳೇಬೀಡಿನ ವಸ್ತುಸಂಗ್ರಹಾಲಯದ ಬಿಡಿಶಿಲ್ಪಗಳನ್ನು, ಅವು ಯಾವ ಗೋಡೆಯಿಂದ ಕಳಚಿದವೆಂದು ತಿಳಿಯದಿದ್ದರೂ, ಹೊಯ್ಸಳರವೆಂದು ಹೇಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪ ಸಮರ್ಥವಾದುದೇ, ಆದರೆ ಶೈಲಿಯು ಮಾನುಷ ಕೃತಿಯಾದ್ದರಿಂದ ತಲೆಮಾರಿನಿಂದ ತಲೆಮಾರಿಗೆ ಬದಲಾಗಿ ತನ್ನ ಕಾಲವನ್ನು ತಾನೇ ಸಾರುತ್ತದೆ, ನೊಣವಾದರೋ ನೂರು ವರ್ಷದ ಹಿಂದೆಯೂ ನೂರು ಹರದಾರಿಯ ಆಚೆಯೂ ಅದೇ ರೂಪದಲ್ಲಿ ಇರಬಲ್ಲುದು. ಬೇಲೂರಿನಲ್ಲಿ ಮದನಿಕೆಯ ಮೇಲ್ಗಡೆ ಹಣ್ಣಿನ ಮೇಲೆ ಕುಳಿತ ನೊಣವನ್ನೂ ಹೊಂಚುಹಾಕುವ ಹಲ್ಲಿಯನ್ನೂ ತೋರಿಸುವುದುಂಟು: ಆ ಕಲ್ಲಿನ ನೊಣಕ್ಕೆ ಪ್ರಭೇದವಿಲ್ಲ, ಆದರೆ ಊರಿದೆ, 1117ರಲ್ಲಿ ಪ್ರತಿಷ್ಠೆಯಾದ ಗುಡಿಯಿದೆ. ಪೆಟ್ಟಿಗೆಯ ನೊಣದ ದೈವ ಇದಕ್ಕೆ ತದ್ವಿರುದ್ಧ.

ಇಂದು ಡಿಎನ್‌ಎ ಪರೀಕ್ಷೆಯಿಂದ ಹೆಸರು ದೊರೆತೀತು; ಹಿಡಿದ ದಿನವಂತೂ ದೊರೆಯದು. ಕಾರೈಕಾಲಿನ ಬಳಿಯ ಕುರುಂಬಗರಂನಿಂದ ಪಿ. ಸುಸೈ ನಾಥನ್ ಅವರು ಜಗತ್ತಿನ ಸಂಗ್ರಹಾಲಯಗಳಿಗೆ ಕಳುಹಿಸಿದ ಕೀಟಗಳು ಇಂದಿಗೂ ಸಾಕ್ಷ್ಯವೆನಿಸಿರುವುದು ಅವುಗಳೊಡನೆ ಊರೂ ಹೋದುದರಿಂದ.

ಹಾಗೆಂದು ಚೀಟಿಯಿಲ್ಲದ ನೊಣವನ್ನು ಎಸೆಯಬೇಕಿಲ್ಲ. ಅಂಗರಚನೆಯ ಪಾಠಕ್ಕೂ ಹೋಲಿಕೆಗೂ ಅದು ಒದಗುತ್ತದೆ. ಕೃಷಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿಯಿಷ್ಟೇ: ಕುಲದ ಹೆಸರು ಖಚಿತವಾದರೆ ಅಲ್ಲಿಗೇ ನಿಲ್ಲಿಸಿ, ಊರಿನ ಜಾಗದಲ್ಲಿ ‘ತಿಳಿಯದು’ ಎಂದು ಬರೆಯಿರಿ, ಮುಂದೆ ಹಿಡಿಯುವ ಪ್ರತಿಯೊಂದಕ್ಕೂ ಅಂದೇ ಚೀಟಿ ಚುಚ್ಚಿರಿ.