ಓದಿದ್ದಕ್ಕೆ ಉತ್ತರ

ಕಾಲೇಜಿನಲ್ಲಿ ಅಧ್ಯಾಪಕರು ಒಂದು ಗ್ರಂಥಭಾಗವನ್ನು ಗೊತ್ತುಮಾಡಿ, ಅದನ್ನು ಓದಿಕೊಂಡು ಬಂದು ಆ ವಿಷಯವಾಗಿ ಪ್ರಬಂಧವೊಂದನ್ನು ಬರೆಯಬೇಕೆಂದು ವಿದ್ಯಾರ್ಥಿಗಳಿಗೆ ವಿಧಿಸುವುದು ರೂಢಿಯಲ್ಲಿರುವ ಸಂಗತಿ. ವಿದ್ಯಾರ್ಥಿಗೆ ಅದು ಅಂಕಗಳ ಮಾತು. ತಂದೆತಾಯಿಗಳಿಗೆ, ಕಟ್ಟಿದ ಶುಲ್ಕವು ವ್ಯರ್ಥವಾಗಲಿಲ್ಲವೆಂಬುದಕ್ಕೆ ಒಂದು ಗುರುತು. ಅಧ್ಯಾಪಕರಿಗೆ, ತಿದ್ದಬೇಕಾದ ಕಾಗದಗಳ ಕಟ್ಟು. ಹೀಗೆ ಮೂವರೂ ಇದನ್ನು ಒಂದು ವ್ಯವಹಾರವೆಂದೇ ಭಾವಿಸುವುದರಿಂದ, ಇದರೊಳಗೆ ಧರ್ಮಾಧರ್ಮದ ಪ್ರಶ್ನೆಯೊಂದು ಅಡಗಿದೆಯೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಮತ್ತೊಬ್ಬನ ಮಾತನ್ನು ಓದಿದವನು ಆ ಮಾತಿಗೆ ಏನನ್ನು ಸಲ್ಲಿಸತಕ್ಕದ್ದು? ತನ್ನ ಹೆಸರನ್ನಿಟ್ಟು ಒಂದು ಅಭಿಪ್ರಾಯವನ್ನು ಬರೆದವನು ಯಾವುದಕ್ಕೆ ಬದ್ಧನಾಗುತ್ತಾನೆ? ಇದು ಇಲ್ಲಿ ವಿಚಾರಕ್ಕೆ ಬಂದಿರುವ ವಿಷಯ.

ವಿಚಾರವು ಬರಿಯ ಸಾಮಾನ್ಯೋಕ್ತಿಗಳಲ್ಲಿ ಕರಗಿಹೋಗದಂತೆ ಒಂದು ದೃಷ್ಟಾಂತವನ್ನು ಹಿಡಿಯುವುದು ಯುಕ್ತ. ತತ್ತ್ವಶಾಸ್ತ್ರದ ತರಗತಿಗಳಲ್ಲಿ ಬಹುಕಾಲದಿಂದ ಓದಿಸುತ್ತ ಬಂದಿರುವ ಗ್ರಂಥಗಳಲ್ಲಿ ಪ್ಲೇಟೋವಿನ ‘ಕ್ರೀಟೋ’ ಎಂಬ ಸಂವಾದವೂ ಒಂದು. ಕ್ರಿ. ಪೂ. ೩೯೯ರಲ್ಲಿ ಅಥೆನ್ಸಿನ ನ್ಯಾಯಸ್ಥಾನವು, ತರುಣರನ್ನು ಕೆಡಿಸಿದನೆಂದೂ ನಗರದ ದೇವತೆಗಳನ್ನು ಮನ್ನಿಸಲಿಲ್ಲವೆಂದೂ ಆರೋಪವನ್ನು ಎತ್ತಿಹಿಡಿದು, ಎಪ್ಪತ್ತು ವರ್ಷದ ಸಾಕ್ರೆಟೀಸನಿಗೆ ಮರಣದಂಡನೆಯನ್ನು ವಿಧಿಸಿತು. ಡೀಲೋಸ್ ದ್ವೀಪಕ್ಕೆ ಹೋಗಿದ್ದ ಪವಿತ್ರವಾದ ಹಡಗು ಹಿಂದಿರುಗುವವರೆಗೆ ದಂಡನೆಯನ್ನು ನೆರವೇರಿಸುವಂತಿರಲಿಲ್ಲ. ಹಡಗು ಸಮೀಪಿಸಿತೆಂಬ ಸುದ್ದಿಯೊಡನೆ, ಇನ್ನೂ ಬೆಳಕು ಹರಿಯುವ ಮುನ್ನವೇ, ಹಳೆಯ ಸ್ನೇಹಿತನಾದ ಕ್ರೀಟೋ ಸೆರೆಮನೆಗೆ ಬರುತ್ತಾನೆ. ಹಣ ಸಿದ್ಧವಾಗಿದೆ, ಥೆಸಲಿಯಲ್ಲಿ ಆಶ್ರಯವುಂಟು, ತಪ್ಪಿಸಿಕೊಳ್ಳಬೇಕೆಂಬುದು ಅವನ ಬೇಡಿಕೆ. ಸಾಕ್ರೆಟೀಸನು ಒಪ್ಪುವುದಿಲ್ಲ. ನಗರದ ಶಾಸನಗಳೇ ಎದುರಿಗೆ ನಿಂತು ಮಾತನಾಡುವಂತೆ ಕಲ್ಪಿಸಿಕೊಂಡು, ತಮ್ಮ ಆಶ್ರಯದಲ್ಲಿ ಹುಟ್ಟಿ ಬೆಳೆದು ವಿದ್ಯೆ ಪಡೆದವನು, ಎಪ್ಪತ್ತು ವರ್ಷ ಊರು ಬಿಡದೆ ಇದ್ದವನು, ಈಗ ಅವನ್ನು ಮುರಿದು ಓಡಬಹುದೇ ಎಂದು ಅವುಗಳಿಂದ ಕೇಳಿಸುತ್ತಾನೆ.

ಇದನ್ನು ಓದಿದ ವಿದ್ಯಾರ್ಥಿಯನ್ನು, ಸಾಕ್ರೆಟೀಸನು ಮಾಡಿದ್ದು ಸರಿಯೇ ಎಂದು ಕೇಳಿದರೆ ಬರುವ ಉತ್ತರಗಳು ಬಹುಮಟ್ಟಿಗೆ ಮೂರು ಬಗೆ. ಒಬ್ಬನು ಕಥೆಯನ್ನು ಸಂಕ್ಷೇಪಿಸಿ ಕೈಬಿಡುತ್ತಾನೆ. ಇನ್ನೊಬ್ಬನು ಮಹಾಪುರುಷನೆಂದು ಹೊಗಳುತ್ತಾನೆ, ಇಲ್ಲವೆ ಮೂಢನೆಂದು ತೆಗಳುತ್ತಾನೆ. ಮೂರನೆಯವನು ಬೇರೊಬ್ಬರು ಬರೆದದ್ದನ್ನು ತಂದು ತನ್ನದೆಂದು ಒಪ್ಪಿಸುತ್ತಾನೆ. ಮೊದಲನೆಯವನಲ್ಲಿ ಉತ್ತರವಿಲ್ಲ, ಎರಡನೆಯವನಲ್ಲಿ ಓದಿಲ್ಲ, ಮೂರನೆಯವನಲ್ಲಿ ಎರಡೂ ಇಲ್ಲ.

ಅಧಿಕರಣವೊಂದರಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರ, ನಿರ್ಣಯಗಳೆಂಬ ಐದು ಅಂಗಗಳಿರಬೇಕೆಂದು ನಮ್ಮ ಮೀಮಾಂಸಕರು ವಿಧಿಸಿದರು. ಇದು ಕೇವಲ ಬರೆಯುವ ಕ್ರಮವೆಂದು ತೋರಬಹುದು. ಆದರೆ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಿದ ಮೇಲೆಯೇ ಉತ್ತರಕ್ಕೆ ಅಧಿಕಾರವೆಂಬ ನಿಯಮವು ಒಂದು ಧರ್ಮನಿಯಮವೇ ಸರಿ. ಏಕೆಂದರೆ ಗ್ರಂಥಕಾರನು ಎದುರಿಗಿಲ್ಲ. ತನ್ನ ಮಾತನ್ನು ತಿರುಚಿದರೆ ಹಾಗಲ್ಲವೆಂದು ಎದ್ದು ನಿಂತು ಹೇಳಲಾರನು. ಬಾಯಿಲ್ಲದವನ ಪರವಾಗಿ ಸಾಕ್ಷಿ ನುಡಿಯುವವನಿಗೆ ಇರಬೇಕಾದ ಎಚ್ಚರವು ಓದುಗನಿಗೂ ಇರಬೇಕು. ಹೊಸ ಕಂಬಳಿಯನ್ನು ಹೊದ್ದವನನ್ನು ‘ನವಕಂಬಲ’ನೆಂದು ಒಬ್ಬನು ಹೇಳಿದರೆ, ಇವನಲ್ಲಿ ಒಂಬತ್ತು ಕಂಬಳಿಗಳೆಲ್ಲಿವೆಯೆಂದು ಆಕ್ಷೇಪಿಸುವುದನ್ನು ನೈಯಾಯಿಕರು ವಾಕ್ಛಲವೆಂದು ದೋಷಗಳಲ್ಲಿ ಎಣಿಸಿದರು. ವಿಜಯನಗರದ ಕಾಲದ, ೧೪ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ವು ಮಾಧವನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದರ ಮೊದಲನೆಯ ಪ್ರಕರಣವೇ ಚಾರ್ವಾಕಮತ. ವೇದವನ್ನೇ ಹಳಿದ ಆ ಮತವನ್ನು ಆಸ್ತಿಕನಾದ ಗ್ರಂಥಕಾರನು ಕುಗ್ಗಿಸದೆ ನಿರೂಪಿಸಿದ್ದಾನೆ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿರುವ ಈ ಕಾಲದಲ್ಲಿ, ಅವರ ವಿಷಯವಾಗಿ ತಿಳಿದಿರುವುದರಲ್ಲಿ ಹೆಚ್ಚಿನ ಭಾಗವು ಅವರ ವಿರೋಧಿಗಳು ಉಳಿಸಿಕೊಟ್ಟದ್ದೇ ಆಗಿದೆ. ಪರರ ಮಾತನ್ನು ನ್ಯಾಯವಾಗಿ ಹೇಳುವುದರ ಬೆಲೆ ಇದರಿಂದ ತಿಳಿಯಬೇಕು.

ಹಾಗೆ ನೋಡಿದರೆ, ‘ಕ್ರೀಟೋ’ವನ್ನು ಕುರಿತು ಬರೆಯುವವನು ಮೊದಲು ಕ್ರೀಟೋವಿಗೆ ನ್ಯಾಯ ಸಲ್ಲಿಸಬೇಕು. ಅವನು ಬರಿಯ ಅಂಜುಬುರುಕನಲ್ಲ. ತಂದೆಯು ಮಕ್ಕಳನ್ನು ಅನಾಥರನ್ನಾಗಿ ಬಿಟ್ಟು ಹೋಗಬಹುದೇ, ತನ್ನ ನಾಶವನ್ನು ಬಯಸುವವರಿಗೆ ತಾನೇ ನೆರವಾಗಬಹುದೇ ಎಂಬ ಅವನ ಮಾತುಗಳು ಗೃಹಸ್ಥನಾದ ಯಾವನ ಎದೆಯನ್ನಾದರೂ ತಾಗತಕ್ಕವು. ಆ ತೂಕವನ್ನು ಕಾಣದವನಿಗೆ ಸಾಕ್ರೆಟೀಸನ ನಿರ್ಧಾರದ ತೂಕವೂ ಕಾಣದು.

ಎರಡನೆಯ ಕರ್ತವ್ಯವು ನಿಜವಾದ ಸಂಶಯವನ್ನು ಹುಡುಕುವುದು. ‘ಅಪಾಲಜಿ’ಯಲ್ಲಿ ಇದೇ ಸಾಕ್ರೆಟೀಸನು, ತತ್ತ್ವವಿಚಾರವನ್ನು ಬಿಟ್ಟರೆ ಬಿಡುಗಡೆ ಮಾಡುವೆವೆಂದು ನ್ಯಾಯಸ್ಥಾನವು ಹೇಳಿದರೂ ತಾನು ಆ ಆಜ್ಞೆಯನ್ನು ಪಾಲಿಸೆನೆನ್ನುತ್ತಾನೆ. ಅಲ್ಲಿ ಆಜ್ಞೆಯನ್ನು ಮೀರುವೆನೆಂದವನು ಇಲ್ಲಿ ಮೀರಲಾರೆನೆನ್ನುವುದು ಹೇಗೆ? ಅಧರ್ಮವನ್ನು ಮಾಡೆಂಬ ಆಜ್ಞೆ ಬೇರೆ, ಅಧರ್ಮವನ್ನು ಸಹಿಸೆಂಬ ಆಜ್ಞೆ ಬೇರೆ. ಮೊದಲನೆಯದನ್ನು ಮೀರಿ ಎರಡನೆಯದಕ್ಕೆ ತಲೆಬಾಗಿದನೆಂದು ಒಬ್ಬನು ಸಮಾಧಾನ ಹೇಳಬಹುದು. ಅನ್ಯಾಯದ ತೀರ್ಪಿಗೆ ತಲೆಬಾಗುವುದೂ ಅನ್ಯಾಯಕ್ಕೆ ಬಲಕೊಟ್ಟಂತಲ್ಲವೇ ಎಂದು ಮತ್ತೊಬ್ಬನು ಕೇಳಬಹುದು. ಇದು ಪುಸ್ತಕದೊಳಗೇ ಮುಗಿಯುವ ಪ್ರಶ್ನೆಯಲ್ಲ. ಗಾಂಧಿಯವರು ೧೯೦೮ರಲ್ಲಿ ‘ಅಪಾಲಜಿ’ಯ ಸಾರವನ್ನು ಗುಜರಾತಿಯಲ್ಲಿ ಬರೆದು ದಕ್ಷಿಣ ಆಫ್ರಿಕದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೧೦ರಲ್ಲಿ ಮುಂಬಯಿ ಸರಕಾರವು ಆ ಪುಸ್ತಿಕೆಯನ್ನು ನಿಷೇಧಿಸಿತು. ೧೯೨೨ರಲ್ಲಿ ಅಹಮದಾಬಾದಿನ ನ್ಯಾಯಸ್ಥಾನದಲ್ಲಿ ಅವರು ಆರೋಪವನ್ನು ತಾವಾಗಿಯೇ ಒಪ್ಪಿಕೊಂಡು, ಅತ್ಯಂತ ಕಠಿನವಾದ ಶಿಕ್ಷೆಯನ್ನೇ ವಿಧಿಸಬೇಕೆಂದು ಕೇಳಿ, ಆರು ವರ್ಷಗಳ ಸೆರೆಯನ್ನು ಸ್ವೀಕರಿಸಿದರು. ಶಾಸನವನ್ನು ಮೀರುವುದೂ ದಂಡನೆಗೆ ತಲೆಬಾಗುವುದೂ ಒಬ್ಬ ಮನುಷ್ಯನಲ್ಲಿಯೇ ಹೇಗೆ ಕೂಡಿರಬಲ್ಲವೆಂಬುದಕ್ಕೆ ಆ ನಡತೆಯೇ ಒಂದು ವ್ಯಾಖ್ಯಾನ. ಹದಿನೆಂಟು ವರ್ಷದ ವಿದ್ಯಾರ್ಥಿಯಿಂದ ಅಷ್ಟನ್ನು ಯಾರೂ ನಿರೀಕ್ಷಿಸುವುದಿಲ್ಲ. ಪ್ರಶ್ನೆಯು ತನ್ನನ್ನೂ ಮುಟ್ಟುವುದೆಂಬ ಅರಿವನ್ನು ಮಾತ್ರ ನಿರೀಕ್ಷಿಸಬಹುದು.

ಇನ್ನು ಎರವಲು ತಂದ ಪ್ರಬಂಧದ ಮಾತು. ಹಿಂದೆ ಅದಕ್ಕೆ ಗೈಡು ಪುಸ್ತಕಗಳಿದ್ದವು, ಹಿರಿಯ ವಿದ್ಯಾರ್ಥಿಗಳ ನೋಟುಗಳಿದ್ದವು. ೨೦೨೨ರಿಂದ ಈಚೆಗೆ, ಕೇಳಿದ ವಿಷಯದ ಮೇಲೆ ಕೆಲವೇ ನಿಮಿಷಗಳಲ್ಲಿ ಪ್ರಬಂಧವನ್ನು ರಚಿಸಿಕೊಡುವ ಯಂತ್ರಗಳೂ ಸರ್ವರ ಕೈಗೆ ಬಂದಿವೆ. ಇಲ್ಲಿಯೂ ಪೂರ್ವಪಕ್ಷವನ್ನು ಕುಗ್ಗಿಸದೆ ಹೇಳುವುದು ನ್ಯಾಯ. ಹೇಳಿದ್ದು ನಿಜವಾಗಿದ್ದರೆ ಅದನ್ನು ಯಾರು ಬರೆದರೇನು? ನಮ್ಮ ವ್ಯಾಖ್ಯಾನಕಾರರು ಹಿಂದಿನವರ ವಾಕ್ಯಗಳನ್ನು ಹೆಸರು ಹೇಳದೆಯೇ ತೆಗೆದುಕೊಂಡಿಲ್ಲವೇ? ಯಂತ್ರಕ್ಕೆ ಮನಸ್ಸು ನೋಯುವುದಿಲ್ಲ, ಸೊತ್ತು ಕಳೆಯುವುದಿಲ್ಲ. ಹಾಗಿರುವಾಗ ಮೋಸಹೋದವರು ಯಾರು? ಎರಡು ಶತಮಾನಗಳಿಂದ ಪರಭಾಷೆಯಲ್ಲಿ ಓದಿಸಿ, ಆ ಭಾಷೆಯಲ್ಲಿಯೇ ಸ್ವಂತ ವಿಚಾರವನ್ನು ಬರೆಯೆಂದು ಬಡವರ ಮಕ್ಕಳನ್ನು ಪೀಡಿಸುವುದಾದರೂ ನ್ಯಾಯವೇ?

ಕೊನೆಯ ಮಾತಿನಲ್ಲಿ ಸತ್ಯಾಂಶವುಂಟು. ಅದಕ್ಕೆ ಪರಿಹಾರವು ತಾಯಿನುಡಿಯಲ್ಲಿ ಬರೆಯಲು ಅವಕಾಶವನ್ನು ಕೊಡುವುದೇ ಹೊರತು ಬರೆಯದೆ ಇರಲು ಬಿಡುವುದಲ್ಲ. ವ್ಯಾಖ್ಯಾನಕಾರರ ವಿಷಯವೂ ಬೇರೆ. ಅವರು ತೆಗೆದುಕೊಂಡ ವಾಕ್ಯವನ್ನು ಸಭೆಯಲ್ಲಿ ಪ್ರತಿವಾದಿಯ ಎದುರಿಗೆ ಸಮರ್ಥಿಸಲು ಸಿದ್ಧರಾಗಿದ್ದರು. ಎರವಲಾದರೂ ಅದಕ್ಕೆ ಹೊಣೆಯನ್ನು ಹೊತ್ತಿದ್ದರು. ಕನ್ನಡದಲ್ಲಿ ‘ಜವಾಬು’ ಎಂಬ ಮಾತಿನಿಂದಲೇ ‘ಜವಾಬ್ದಾರಿ’ ಬಂದಿದೆ, ‘ಉತ್ತರ’ದಿಂದಲೇ ‘ಉತ್ತರವಾದಿತ್ವ’. ಉತ್ತರ ಕೊಡುವುದೆಂದರೆ ಹೊಣೆಯಾಗುವುದು. ಹೀಗೇಕೆ ಹೇಳಿದೆಯೆಂದು ಕೇಳಿದಾಗ ಕಾರಣವನ್ನು ಹೇಳಲಾರದವನು, ಬರೆದದ್ದು ನಿಜವೇ ಆಗಿದ್ದರೂ, ತನ್ನದಲ್ಲದ ನಂಬಿಕೆಯನ್ನು ತನ್ನದೆಂದು ಸಾರಿದವನಾಗುತ್ತಾನೆ. ಅಲ್ಲಿ ಮೋಸಹೋದವನು ಯಂತ್ರವಲ್ಲ. ಆ ಕಾಗದವನ್ನು ನಂಬಿ ಓದಿದ ಗುರು ಮೊದಲನೆಯವನು, ತಾನು ವಿಚಾರಮಾಡಿದೆನೆಂದು ನಂಬತೊಡಗುವ ವಿದ್ಯಾರ್ಥಿಯು ಎರಡನೆಯವನು.

ಈ ದೃಷ್ಟಾಂತದಲ್ಲಿ ಇನ್ನೊಂದು ವಿಶೇಷವೂ ಉಂಟು. ಜನರು ಏನೆಂದಾರು ಎಂಬುದು ಕ್ರೀಟೋವಿನ ಮೊದಲನೆಯ ವಾದ. ದೇಹವನ್ನು ಸಾಧಿಸುವವನು ಹತ್ತು ಜನರ ಮಾತನ್ನು ಬಿಟ್ಟು ಬಲ್ಲ ವೈದ್ಯನ ಮಾತನ್ನು ಕೇಳುವಂತೆ, ಧರ್ಮದ ವಿಷಯದಲ್ಲಿಯೂ ಬಹುಜನರ ಅಭಿಪ್ರಾಯವು ಪ್ರಮಾಣವಲ್ಲವೆಂಬುದು ಸಾಕ್ರೆಟೀಸನ ಸಮಾಧಾನ. ಗೈಡು ಪುಸ್ತಕದಲ್ಲಾಗಲಿ ಯಂತ್ರದಲ್ಲಾಗಲಿ ಸಾಮಾನ್ಯವಾಗಿ ದೊರೆಯುವುದು ಹತ್ತು ಜನರು ಹೇಳಿದ್ದರ ಸರಾಸರಿ. ಅದನ್ನು ನಕಲುಮಾಡಿ ಸಾಕ್ರೆಟೀಸನನ್ನು ಕೊಂಡಾಡುವ ವಿದ್ಯಾರ್ಥಿಯು, ಬರೆಯುವ ಮೊದಲೇ ಅವನ ವಿರುದ್ಧವಾದ ಪಕ್ಷವನ್ನು ಸೇರಿರುತ್ತಾನೆ.

ಹೊಣೆಯು ವಿದ್ಯಾರ್ಥಿಯೊಬ್ಬನದೇ ಅಲ್ಲ. ವರುಷ ವರುಷವೂ ಅದೇ ಪ್ರಶ್ನೆಯನ್ನು ಕೊಟ್ಟು, ಪುಟಗಳನ್ನು ಎಣಿಸಿ ಅಂಕವನ್ನು ಹಾಕುವ ಅಧ್ಯಾಪಕನು ನಕಲನ್ನು ತಾನೇ ಕರೆದಂತೆ. ಬರೆದವನನ್ನು ಹತ್ತಿರ ಕೂರಿಸಿಕೊಂಡು ಎರಡು ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳುವ ಹಳೆಯ ಪದ್ಧತಿಗಿಂತ ಉತ್ತಮವಾದ ಪರೀಕ್ಷೆ ಇನ್ನೂ ಹುಟ್ಟಿಲ್ಲ. ಮಾಂಟೇನ್ ಎಂಬ ಫ್ರೆಂಚ್ ಲೇಖಕನು ೧೫೮೦ರಲ್ಲಿ ತನ್ನ ಬರಹಗಳಿಗೆ ‘ಎಸ್ಸೇ’ ಎಂಬ ಹೆಸರನ್ನಿಟ್ಟಾಗ ಆ ಮಾತಿಗೆ ಪ್ರಯತ್ನವೆಂಬುದೇ ಅರ್ಥ. ಪ್ರಯತ್ನದಲ್ಲಿ ತೊದಲು ಇರಬಹುದು, ನಿರ್ಣಯವು ತಪ್ಪಾಗಿಯೂ ಇರಬಹುದು. ತಪ್ಪಿದ ನಿರ್ಣಯವನ್ನು ಗುರುವು ತಿದ್ದಬಲ್ಲನು. ಇಲ್ಲದ ನಿರ್ಣಯವನ್ನು ಯಾರೂ ತಿದ್ದಲಾರರು. ಮನೆಯ ಹಿರಿಯರು ಮಗನನ್ನೋ ಮಗಳನ್ನೋ ಎಷ್ಟು ಅಂಕ ಬಂತೆಂದು ಕೇಳುವುದರ ಜೊತೆಗೆ, ಓದಿದ್ದರಲ್ಲಿ ಯಾವ ಮಾತನ್ನು ಒಪ್ಪಿದೆ, ಯಾವುದನ್ನು ಒಪ್ಪಲಿಲ್ಲ, ಏಕೆ ಎಂದು ಊಟದ ಹೊತ್ತಿನಲ್ಲಿ ಒಮ್ಮೆ ಕೇಳಿದರೆ, ಕಾಲೇಜಿನ ಪ್ರಬಂಧಕ್ಕೆ ಅರ್ಥವು ಅಲ್ಲಿಂದಲೇ ಆರಂಭವಾಗುವುದು.