ಕಿವಿ ನಿಲ್ಲಿಸಿ ಕೊಡಲೇ?

ಕಳೆದ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದಾಗ ಬೆಂಗಳೂರಿನಿಂದ ಮಗನ ಫೋನು ಬಂತು. ಮೊಮ್ಮಗಳಿಗೆ ಒಂದು ಡಾಬರ್‌ಮನ್ ಮರಿ ಕೊಡಿಸಬೇಕೆಂದು ಆರು ತಿಂಗಳಿಂದ ಅವನು ಓಡಾಡುತ್ತಿದ್ದ. "ಅಪ್ಪ, ಮರಿ ಸಿಕ್ಕಿತು. ಬಾಲ ಆಗಲೇ ತೆಗೆದಿದ್ದಾರಂತೆ. ಕಿವಿ ನಿಲ್ಲಿಸಿ ಕೊಡಲೇ ಅಂತ ಕೇಳ್ತಿದ್ದಾರೆ. ನೀವು ಏನು ಹೇಳ್ತೀರಿ? ನಮ್ಮ ರಾಜನಿಗೆ ಮಾಡಿಸಿದ್ದೆವಲ್ಲ" ಎಂದ.

ಹೌದು, ಮಾಡಿಸಿದ್ದೆವು. ಅದಕ್ಕೇ ನನಗೆ ಥಟ್ಟನೆ ಉತ್ತರ ಹೇಳಲು ಆಗಲಿಲ್ಲ. "ಶನಿವಾರದೊಳಗೆ ಹೇಳ್ತೇನೆ" ಎಂದು ಫೋನು ಇಟ್ಟೆ.

ರಾಜ ನಮ್ಮ ಮನೆಗೆ ಬಂದದ್ದು 1994ರಲ್ಲಿ. ಆಗ ಡಾಬರ್‌ಮನ್ ಎಂದರೆ ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಎಂಬ ಫಲಕ, ಬೀದಿಯವರ ಕಣ್ಣಲ್ಲಿ ಒಂದಿಷ್ಟು ಗೌರವ. ಮೂರು ತಿಂಗಳ ಮರಿಯನ್ನು ನಾನೇ ಬುಟ್ಟಿಯಲ್ಲಿಟ್ಟುಕೊಂಡು ವೈದ್ಯರೊಬ್ಬರ ಬಳಿಗೆ ಹೋಗಿ ಕಿವಿ ಕತ್ತರಿಸಿಕೊಂಡು ಬಂದೆ. ಮತ್ತಿನಲ್ಲಿದ್ದ ಅದು ಸಂಜೆಗೆ ಎಚ್ಚರವಾಯಿತು. ಆ ರಾತ್ರಿ ಅದು ತಲೆಯನ್ನು ಗೋಡೆಗೆ ಉಜ್ಜುತ್ತಾ ಅತ್ತದ್ದನ್ನು ನನ್ನ ಹೆಂಡತಿ ಈಗಲೂ ಮರೆತಿಲ್ಲ. ಎರಡು ತಿಂಗಳು ಕಿವಿಗೆ ಕಡ್ಡಿ ಕಟ್ಟಿ ಪಟ್ಟಿ ಸುತ್ತಿದ್ದಾಯಿತು. ಒಂದು ಕಿವಿ ಕೀವಾಗಿ ಕೊನೆಗೂ ನೆಟ್ಟಗೆ ನಿಲ್ಲಲಿಲ್ಲ. ಬಂದವರೆಲ್ಲ ಅದನ್ನು ನೋಡಿ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ನಾವು ಕೆಟ್ಟವರೆಂದು ನನಗೆ ಅನ್ನಿಸಿರಲಿಲ್ಲ. ಆ ನಾಯಿಗೆ ಹನ್ನೊಂದು ವರ್ಷ ಹೊತ್ತುಹೊತ್ತಿಗೆ ಅನ್ನ ಹಾಕಿದೆವು, ಅದು ಸತ್ತಾಗ ಮಕ್ಕಳೆಲ್ಲ ಅತ್ತರು. ಆದರೆ ಆ ರಾತ್ರಿಯ ಅಳು ಯಾತಕ್ಕಾಗಿ ಎಂದು ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ. ಈಗ ಮಗ ಕೇಳಿದ್ದಾನೆ.

ಈ ಅಭ್ಯಾಸ ಹೊಸದಲ್ಲ. ಒಂದನೇ ಶತಮಾನದ ರೋಮನ್ ಲೇಖಕ ಕೊಲುಮೆಲ್ಲಾ ತನ್ನ ಕೃಷಿಗ್ರಂಥದಲ್ಲಿ, ಮರಿಯ ಬಾಲದ ತುದಿಯನ್ನು ಕಚ್ಚಿ ತೆಗೆದರೆ ಅದಕ್ಕೆ ಹುಚ್ಚು ಹಿಡಿಯುವುದಿಲ್ಲ ಎಂಬ ಕುರುಬರ ನಂಬಿಕೆಯನ್ನು ಬರೆದಿಟ್ಟಿದ್ದಾನೆ. ಹುಚ್ಚುನಾಯಿ ರೋಗಕ್ಕೂ ಬಾಲಕ್ಕೂ ಸಂಬಂಧವಿಲ್ಲವೆಂದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ನಮ್ಮ ಹಳ್ಳಿಗಳಲ್ಲಿ ಬಾಲದ ತುದಿ ತೆಗೆದರೆ ನಾಯಿ ಚುರುಕಾಗುತ್ತದೆ, ಕಿವಿ ಕತ್ತರಿಸಿದರೆ ಸಿಟ್ಟು ಜಾಸ್ತಿಯಾಗುತ್ತದೆ ಎಂದು ನಂಬುವವರು ಇನ್ನೂ ಇದ್ದಾರೆ. ಡಾಬರ್‌ಮನ್ ತಳಿ 19ನೇ ಶತಮಾನದಲ್ಲಿ ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ ಹುಟ್ಟಿತು. ಅದಕ್ಕೆ ತನ್ನ ಹೆಸರು ಕೊಟ್ಟ ಲೂಯಿ ಡಾಬರ್‌ಮನ್ ತೆರಿಗೆ ವಸೂಲಿ ಮಾಡುತ್ತಿದ್ದವನು, ಜೊತೆಗೊಂದು ಕಾವಲು ನಾಯಿ ಬೇಕಾಗಿತ್ತು. ಕಳ್ಳನ ಕೈಗೆ ಬಾಲವಾಗಲಿ ಕಿವಿಯಾಗಲಿ ಸಿಗಬಾರದು ಎಂಬುದು ಆ ಕಾಲದ ಲೆಕ್ಕಾಚಾರ. ನಮ್ಮ ಬಡಾವಣೆಯಲ್ಲಿ ಯಾವ ಕಳ್ಳನೂ ರಾಜನ ಕಿವಿ ಹಿಡಿಯಲು ಬಂದದ್ದು ನನಗೆ ನೆನಪಿಲ್ಲ.

ಬಾಲವನ್ನು ಸಾಮಾನ್ಯವಾಗಿ ಮರಿ ಹುಟ್ಟಿದ ಮೂರರಿಂದ ಐದು ದಿನಗಳೊಳಗೆ ತೆಗೆಯುತ್ತಾರೆ. ಆಗ ಅದರ ಕಣ್ಣೂ ತೆರೆದಿರುವುದಿಲ್ಲ. ಬಹಳ ಮಟ್ಟಿಗೆ ಅರಿವಳಿಕೆ ಇಲ್ಲದೆ, ಕತ್ತರಿಯಿಂದಲೋ ಬಿಗಿಯಾದ ರಬ್ಬರ್ ಉಂಗುರದಿಂದಲೋ ಮಾಡುವ ಕೆಲಸ ಅದು. ಕೇಳಿದರೆ, "ಅಷ್ಟು ಎಳೆಯ ಮರಿಗೆ ನೋವು ಗೊತ್ತಾಗುವುದಿಲ್ಲ, ನರ ಬೆಳೆದಿರುವುದಿಲ್ಲ" ಎನ್ನುತ್ತಾರೆ. ಆಸ್ಟ್ರೇಲಿಯಾದ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಒಂದು ಅಧ್ಯಯನಕ್ಕಾಗಿ ಬಾಲ ಕತ್ತರಿಸುವಾಗ ಐವತ್ತು ಮರಿಗಳನ್ನು ಗಮನಿಸಿದರು. ಪ್ರತಿಯೊಂದೂ ಒದ್ದಾಡಿತು, ಕಿರುಚಿತು. ಕೆಲವೇ ನಿಮಿಷಗಳಲ್ಲಿ ಅವು ನಿದ್ದೆ ಹೋದವು ಎಂಬುದನ್ನೂ ಅದೇ ಸಂಶೋಧಕರು ಬರೆದಿದ್ದಾರೆ. ಒಂದು ಪಕ್ಷದವರು ಕಿರುಚಾಟವನ್ನು ಹಿಡಿದುಕೊಂಡರೆ ಇನ್ನೊಂದು ಪಕ್ಷದವರು ನಿದ್ದೆಯನ್ನು ಹಿಡಿದುಕೊಳ್ಳುತ್ತಾರೆ.

ಈ 'ಗೊತ್ತಾಗುವುದಿಲ್ಲ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಬೇರೊಂದು ನೆನಪಾಗುತ್ತದೆ. 1980ರ ದಶಕದ ಮಧ್ಯದವರೆಗೂ ದೊಡ್ಡ ದೊಡ್ಡ ದೇಶಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆ ಕೊಡದೆಯೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದುಂಟು. ಅರಿವಳಿಕೆಯೇ ಅಪಾಯವೆಂಬ ಭಯ ಒಂದು ಕಡೆ, ಕೂಸಿಗೆ ನೋವು ಅಷ್ಟಾಗಿ ತಿಳಿಯದು ಎಂಬ ನಂಬಿಕೆ ಇನ್ನೊಂದು ಕಡೆ. ಆಕ್ಸ್‌ಫರ್ಡಿನಲ್ಲಿದ್ದ ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಸಂಶೋಧನೆ ಆ ನಂಬಿಕೆಯನ್ನು ಅಲುಗಾಡಿಸಿತು. ಸರಿಯಾಗಿ ಅರಿವಳಿಕೆ ಪಡೆದ ಶಿಶುಗಳೇ ಉತ್ತಮವಾಗಿ ಚೇತರಿಸಿಕೊಂಡವು. ಮಗುವನ್ನೂ ನಾಯಿಮರಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಬಾಯಿ ಬಿಟ್ಟು ಹೇಳಲಾರದವರ ನೋವಿನ ವಿಷಯದಲ್ಲಿ ಕಲಿತವರು ಕೂಡ ಎಷ್ಟು ಸುಲಭವಾಗಿ ತಮಗೆ ಅನುಕೂಲವಾದದ್ದನ್ನು ನಂಬುತ್ತಾರೆ ಎಂಬುದಷ್ಟೇ ನನ್ನ ಮಾತು.

ಬಾಲ ತೆಗೆಯುವವರ ಪಕ್ಷದಲ್ಲಿ ನ್ಯಾಯವೇ ಇಲ್ಲ ಎಂದೂ ಹೇಳಲಾರೆ. ಮುಳ್ಳುಪೊದೆಗಳಲ್ಲಿ ನುಗ್ಗಿ ಬೇಟೆಯ ಹಕ್ಕಿ ಎಬ್ಬಿಸುವ ಸ್ಪಾನಿಯಲ್ ಜಾತಿಯ ನಾಯಿಗಳ ಬಾಲ ರಕ್ತಮಯವಾಗುವುದು ಸುಳ್ಳಲ್ಲ. ಸ್ಕಾಟ್‌ಲೆಂಡಿನಲ್ಲಿ 2007ರಲ್ಲಿ ಬಾಲ ಕತ್ತರಿಸುವುದನ್ನು ಪೂರ್ತಿಯಾಗಿ ನಿಷೇಧಿಸಿದರು. ಆಮೇಲೆ 2010-11ರ ಬೇಟೆಯ ಋತುವಿನ ಬಗ್ಗೆ ನಾಯಿಗಳ ಒಡೆಯರನ್ನು ವಿಚಾರಿಸಿದಾಗ, ಬಾಲ ಉಳಿಸಿಕೊಂಡ ಕೆಲಸದ ಸ್ಪಾನಿಯಲ್‌ಗಳಲ್ಲಿ ಶೇಕಡ 56.6ರಷ್ಟಕ್ಕೆ ಒಮ್ಮೆಯಾದರೂ ಬಾಲಕ್ಕೆ ಗಾಯವಾಗಿತ್ತು. 2017ರಲ್ಲಿ ಅಲ್ಲಿಯ ಸಂಸತ್ತು ಕೆಲವು ಕೆಲಸದ ತಳಿಗಳಿಗೆ ಮಾತ್ರ, ಬಾಲದ ಮೂರನೇ ಒಂದು ಭಾಗಕ್ಕೆ ಮೀರದಂತೆ, ಪಶುವೈದ್ಯರೇ ಮಾಡಬೇಕೆಂದು ವಿನಾಯಿತಿ ಕೊಟ್ಟಿತು. ದೊಡ್ಡವಾದ ಮೇಲೆ ಗಾಯಗೊಂಡ ಬಾಲ ಕತ್ತರಿಸುವುದಕ್ಕಿಂತ ಎಳೆಯದರಲ್ಲೇ ತೆಗೆಯುವುದು ಕರುಣೆ ಎಂಬ ಅವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಆ ವಾದ ಮುಳ್ಳುಪೊದೆಯ ನಾಯಿಗೆ ಸೇರಿದ್ದು. ಬ್ರಿಟನ್ನಿನ ಪಶುವೈದ್ಯಶಾಲೆಗಳಿಗೆ ಬಂದ 1,38,212 ನಾಯಿಗಳ ದಾಖಲೆ ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಲ್ಲ ತರಹದ ನಾಯಿಗಳನ್ನು ಸೇರಿಸಿದರೆ ಬಾಲಕ್ಕೆ ಗಾಯವಾಗುವುದು ಶೇಕಡ 0.23ರಷ್ಟಕ್ಕೆ ಮಾತ್ರ. ಒಂದು ಗಾಯ ತಪ್ಪಿಸಲು ಸುಮಾರು ಐನೂರು ಮರಿಗಳ ಬಾಲ ಕತ್ತರಿಸಬೇಕಾಗುತ್ತದೆ. ಸೋಫಾದ ಮೇಲೆ ಮಲಗುವ, ಸಂಜೆ ಒಂದು ಸುತ್ತು ಬೀದಿ ನೋಡಿ ಬರುವ ನಮ್ಮ ಮನೆಯ ನಾಯಿಗೆ ಯಾವ ಮುಳ್ಳುಪೊದೆ? ಇನ್ನು ಕಿವಿಗಂತೂ ಇಷ್ಟು ಕಾರಣವೂ ಇಲ್ಲ. ಇಂಗ್ಲೆಂಡಿನ ಕೆನೆಲ್ ಕ್ಲಬ್ಬಿನವರು ಕಿವಿ ಕತ್ತರಿಸಿದ ನಾಯಿಗಳನ್ನು ಪ್ರದರ್ಶನದಿಂದ ಹೊರಗಿಟ್ಟದ್ದು 1890ರ ದಶಕದಲ್ಲೇ. ಅಮೆರಿಕದ ಕೆನೆಲ್ ಕ್ಲಬ್ಬು ಮಾತ್ರ ಇದು ತಳಿಯ ಲಕ್ಷಣ ಎಂದು ಇಂದಿಗೂ ಹೇಳುತ್ತಿದೆ. ಅಲ್ಲಿಯ ಪಶುವೈದ್ಯರ ಸಂಘವಾದರೋ 2008ರಲ್ಲೇ, ಬರೀ ಅಂದಕ್ಕಾಗಿ ಮಾಡುವ ಈ ಶಸ್ತ್ರಚಿಕಿತ್ಸೆಗಳನ್ನು ತಾನು ವಿರೋಧಿಸುವುದಾಗಿ ಹೇಳಿತು. ನಮ್ಮ ಮುಧೋಳದ ನಾಯಿಯನ್ನು ನೋಡಿ, ಜೋತುಬಿದ್ದ ಕಿವಿ, ಉದ್ದನೆಯ ಬಾಲ. ಮೊಲದ ಹಿಂದೆ ಓಡಲು ಅದಕ್ಕೆ ಯಾವ ಅಡ್ಡಿಯೂ ಆಗಿಲ್ಲ.

ಬಾಲ ಎಂದರೆ ನಾಯಿಯ ಅರ್ಧ ಮಾತು. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಇಬ್ಬರು ಒಂದು ಯಂತ್ರದ ನಾಯಿ ಮಾಡಿ, ಅದಕ್ಕೆ ಒಮ್ಮೆ ಉದ್ದ ಬಾಲ, ಒಮ್ಮೆ ಮೋಟು ಬಾಲ ಕಟ್ಟಿ ಬೇರೆ ನಾಯಿಗಳ ಮುಂದೆ ನಿಲ್ಲಿಸಿದರು. ಉದ್ದ ಬಾಲ ಅಲ್ಲಾಡಿದರೆ ನಾಯಿಗಳು ಹತ್ತಿರ ಬಂದವು, ನೆಟ್ಟಗೆ ನಿಂತರೆ ಹಿಂಜರಿದವು. ಮೋಟು ಬಾಲ ಅಲ್ಲಾಡಿದರೂ ನಿಂತರೂ ಅವುಗಳಿಗೆ ವ್ಯತ್ಯಾಸ ತಿಳಿಯಲಿಲ್ಲ. 2008ರ ಈ ಸಂಶೋಧನೆ ಓದಿದಾಗ ನನಗೆ ತೋಬಿತನ ಗ್ರಂಥ ನೆನಪಾಯಿತು. ಯುವಕ ತೋಬಿಯಾಸನೊಂದಿಗೂ ದೇವದೂತ ರಫಾಯೇಲನೊಂದಿಗೂ ಒಂದು ನಾಯಿ ಪ್ರಯಾಣ ಹೊರಟಿತ್ತಲ್ಲ, ಸಂತ ಜೆರೋಮರ ಲತೀನ್ ಭಾಷಾಂತರದಲ್ಲಿ ಅದು ಮುಂದೆ ಓಡಿ ಬಂದು ಬಾಲ ಅಲ್ಲಾಡಿಸಿ ಮನೆಯವರಿಗೆ ಸಂತೋಷ ತೋರಿಸುತ್ತದೆ. ಇಂದಿನ ಭಾಷಾಂತರಗಳಲ್ಲಿ ಆ ಬಾಲದ ಮಾತು ಇಲ್ಲ. ನನಗಂತೂ ಅದು ಇರಬೇಕಾಗಿತ್ತು ಅನ್ನಿಸುತ್ತದೆ.

ನೀವು ಕೇಳಬಹುದು: "ಹೆಣ್ಣುಕೂಸಿನ ಕಿವಿ ಚುಚ್ಚಿಸುವುದಿಲ್ಲವೇ? ಎತ್ತಿಗೆ ಮೂಗುದಾರ ಹಾಕುವುದಿಲ್ಲವೇ, ಹೋರಿಗೆ ಬೀಜ ಒಡೆಸುವುದಿಲ್ಲವೇ? ಬೀದಿನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿ ಗುರುತಿಗೆಂದು ಕಿವಿಯನ್ನೇ ಸ್ವಲ್ಪ ಕತ್ತರಿಸುವುದಿಲ್ಲವೇ? ಗರ್ಭಕೋಶ ತೆಗೆಯುವವರಿಗೆ ಬಾಲ ದೊಡ್ಡದಾಯಿತೇ?" ಒಳ್ಳೆಯ ಪ್ರಶ್ನೆ. ಬೀದಿನಾಯಿಯ ಕಿವಿಯ ಗುರುತಿನಿಂದ ಅದೇ ನಾಯಿಯನ್ನು ಎರಡನೇ ಸಲ ಹಿಡಿದು ಹೊಟ್ಟೆ ಕೊಯ್ಯುವುದು ತಪ್ಪುತ್ತದೆ, ಅದನ್ನೂ ಅರಿವಳಿಕೆಯಲ್ಲಿ ಮಾಡುತ್ತಾರೆ. ಅಂದರೆ ಆ ಕತ್ತರಿಸುವಿಕೆಯಿಂದ ನಾಯಿಗೇ ಒಂದು ಲಾಭವುಂಟು. ಮೂಗುದಾರದಿಂದ ನಾಯಿಯಂತೆ ಎತ್ತಿಗೆ ಲಾಭವಿಲ್ಲ, ಆದರೆ ಹೊಲ ಉಳುವವನ ಜೀವನ ಅದರ ಮೇಲೆ ನಿಂತಿದೆ. ರಾಜನ ಕಿವಿಯಿಂದ ನನಗೇನು ಲಾಭವಾಯಿತು? ನೆರೆಯವರು ತಿರುಗಿ ನೋಡಿದರು, ಅಷ್ಟೆ. ಹೆಣ್ಣುಕೂಸಿನ ಕಿವಿಯ ವಿಷಯಕ್ಕೆ ನನ್ನಲ್ಲಿ ಅಚ್ಚುಕಟ್ಟಾದ ಉತ್ತರವಿಲ್ಲ. ಸಣ್ಣ ರಂಧ್ರಕ್ಕೂ ಕಿವಿಯ ಅರ್ಧ ಭಾಗಕ್ಕೂ ಅಂತರವಿದೆ ಎನ್ನಬಹುದು, ಆದರೂ ಕೂಸನ್ನು ಯಾರೂ ಕೇಳಿರುವುದಿಲ್ಲ.

ಇದಕ್ಕಿಂತಲೂ ಇರಿಸುಮುರಿಸಾಗುವ ಪ್ರಶ್ನೆಯನ್ನು ನನ್ನ ಹೆಂಡತಿ ಕೇಳಿದಳು. "ಹಬ್ಬಕ್ಕೆ ಹಂದಿಮಾಂಸ ತರುತ್ತೀರಲ್ಲ, ಆ ಹಂದಿಯ ಬಾಲದ ಬಗ್ಗೆ ಯಾವಾಗಲಾದರೂ ಯೋಚನೆ ಮಾಡಿದ್ದೀರಾ?" ದೊಡ್ಡ ಹಂದಿ ಸಾಕಣೆ ಕೇಂದ್ರಗಳಲ್ಲಿ ಇಕ್ಕಟ್ಟಿನಿಂದ ಒಂದರ ಬಾಲವನ್ನು ಇನ್ನೊಂದು ಕಚ್ಚುತ್ತದೆಂದು ಮರಿಯಿದ್ದಾಗಲೇ ಬಾಲ ಕತ್ತರಿಸುತ್ತಾರೆ. ಯುರೋಪಿನ ಕಾನೂನು ಅದನ್ನು ವಾಡಿಕೆಯಾಗಿ ಮಾಡಕೂಡದೆಂದರೂ ನಿಂತಿಲ್ಲ. ನಾನು ಸುಮ್ಮನಾದೆ. ಆದರೆ ಹಂದಿಯ ವಿಷಯದಲ್ಲಿ ನಾನು ಕುರುಡನಾಗಿದ್ದೆ ಎಂಬುದು ನಾಯಿಯ ಕಿವಿ ಕತ್ತರಿಸಲು ಅಪ್ಪಣೆಯಾಗಲಾರದು. ಒಂದು ತಪ್ಪು ಕಂಡವನು ಎರಡನೆಯದನ್ನೂ ನೋಡಬೇಕಾದೀತು, ಅಷ್ಟೆ.

ಧರ್ಮಸಭೆ ಈ ವಿಷಯದಲ್ಲಿ ಅತಿರೇಕಕ್ಕೆ ಹೋಗಿಲ್ಲ. 1992ರ ಧರ್ಮೋಪದೇಶ ಗ್ರಂಥದ 2416ರಿಂದ 2418ರವರೆಗಿನ ಅಂಶಗಳನ್ನು ಬಿಡುವಿದ್ದಾಗ ಓದಿ. ಆಹಾರಕ್ಕೂ ಉಡುಪಿಗೂ ಕೆಲಸಕ್ಕೂ ಪ್ರಾಣಿಗಳನ್ನು ಬಳಸಬಹುದು. ಅಗತ್ಯವಿಲ್ಲದೆ ನೋಯಿಸುವುದಾಗಲಿ ಕೊಲ್ಲುವುದಾಗಲಿ ಮಾನವ ಘನತೆಗೆ ವಿರುದ್ಧವಾದುದು. ಗಮನಿಸಿ, ಅಲ್ಲಿ ಹೇಳಿರುವುದು ನಮ್ಮ ಘನತೆಯ ಮಾತು. ಅದೇ ಅಂಶದಲ್ಲಿ ಇನ್ನೊಂದು ಮಾತೂ ಇದೆ: ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಸರಿಯಲ್ಲ. ನಾಯಿಪ್ರಿಯರು ಮೊದಲ ಮಾತನ್ನು ಮಾತ್ರ ಹೇಳುತ್ತಾರೆ, ನಾಯಿ ಕಂಡರೆ ಆಗದವರು ಎರಡನೆಯದನ್ನು. ಈ ಪ್ರಸಂಗದಲ್ಲಿ ಎರಡೂ ಒಂದೇ ಕಡೆ ಬೊಟ್ಟು ಮಾಡುತ್ತವೆ ಎಂಬುದು ನನಗೆ ಸೋಜಿಗ. ಕಿವಿ ಕತ್ತರಿಸಲು ಮಗ ಕೊಡಬೇಕಾದ ಹಣ ನೋವಿಗೆ ಕೊಡುವ ಹಣ, ಅಂದಕ್ಕೆ ಕೊಡುವ ಹಣ.

ಕಾನೂನಿನ ಮಾತು ಎರಡೇ ವಾಕ್ಯದಲ್ಲಿ ಹೇಳುತ್ತೇನೆ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಅಂಗಚ್ಛೇದವನ್ನು ಅಪರಾಧವೆನ್ನುತ್ತದೆ. ದನದ ಕೊಂಬು, ಬೀಜ ಒಡೆಯುವುದು, ಮುದ್ರೆ ಹಾಕುವುದು, ಮೂಗುದಾರ ಇವಕ್ಕೆ ಅದು ಹೊರತು ಕೊಟ್ಟಿದೆಯೇ ವಿನಾ ಆ ಪಟ್ಟಿಯಲ್ಲಿ ನಾಯಿಯ ಬಾಲ, ಕಿವಿಗಳ ಹೆಸರಿಲ್ಲ.

"ವೈದ್ಯರು ಒಲ್ಲೆನೆಂದರೆ ಯಾರೋ ಬ್ಲೇಡು ಹಿಡಿದವನು ಮಾಡುತ್ತಾನೆ, ಅದಕ್ಕಿಂತ ಇದು ವಾಸಿಯಲ್ಲವೇ" ಎನ್ನುವವರೂ ಇದ್ದಾರೆ. ಬ್ಲೇಡು ಹಿಡಿದವನು ಕರೆಯದೆ ಬರುವುದಿಲ್ಲ, ಮನೆಯವರು ಕರೆದರೆ ಬರುತ್ತಾನೆ. 1994ರಲ್ಲಿ ಬುಟ್ಟಿ ಹಿಡಿದು ಹೋದವನು ನಾನೇ.

ಬುಧವಾರವೇ ಮಗನಿಗೆ ಫೋನು ಮಾಡಿದೆ. "ಕಿವಿ ಹಾಗೇ ಇರಲಿ ಮಗ" ಎಂದೆ. "ಸರಿ ಅಪ್ಪ. ಆದರೆ ಬಾಲ?" ಎಂದ. ಬಾಲ ಹೋಗಿಯಾಗಿದೆ, ಅದಕ್ಕೆ ನಾವು ಏನೂ ಮಾಡುವಂತಿಲ್ಲ. ಕೊಳ್ಳುವವನು ಮರಿಯನ್ನು ನೋಡುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಬಾಲವಿರುವ ಡಾಬರ್‌ಮನ್ನನ್ನು ಯಾರೂ ಕೊಳ್ಳುವುದಿಲ್ಲವೆಂದು ಮಾರುವವನು ಮೊದಲೇ ತೀರ್ಮಾನಿಸಿರುತ್ತಾನೆ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮರಿ ತರುವ ಯೋಚನೆಯಲ್ಲಿದ್ದರೆ, ತಾಯಿನಾಯಿ ಇನ್ನೂ ಗಬ್ಬವಾಗಿರುವಾಗಲೇ ಹೋಗಿ, "ನಮ್ಮ ಮರಿಗೆ ಬಾಲ ಬಿಡಿ" ಎಂದು ಹೇಳಿಬನ್ನಿ.