ಬಿತ್ತಿದವರು ಯಾರು?

‘ಬಿತ್ತಿದಂತೆ ಬೆಳೆ’ ಎಂಬ ಗಾದೆ ನಮ್ಮ ಬಾಯಿಗೆ ಬರುವುದು ಹೆಚ್ಚಾಗಿ ಸೋತವರ ಎದುರಿಗೆ. ಮಗ ದಾರಿ ತಪ್ಪಿದರೆ ಅಪ್ಪನಿಗೆ, ಫಸಲು ಕೈಕೊಟ್ಟರೆ ರೈತನಿಗೆ ಇದನ್ನೇ ಎತ್ತಿ ಆಡುತ್ತೇವೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬುದರ ಜೊತೆ ಸೇರಿ ಇದೂ ಒಂದು ತೀರ್ಪಾಗಿಬಿಟ್ಟಿದೆ. ಗಾದೆಯಲ್ಲಿ ಮಾತ್ರ ಯಾವ ತೀರ್ಪೂ ಇಲ್ಲ. ಬೆಳೆ ಕಂಡಿತೆಂದರೆ ಬಿತ್ತನೆ ನಡೆದಿರಲೇಬೇಕು ಎಂದಷ್ಟೇ ಅದು ಹೇಳುತ್ತದೆ. ಬಿತ್ತಿದವರನ್ನು ಹುಡುಕುವ ಕೆಲಸವನ್ನು ನಮಗೇ ಬಿಟ್ಟಿದೆ.

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಸೀಮೆಯಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಮೇಯಿಸುವವರಿಗೆ ಈ ಹುಡುಕಾಟ ಹೊಟ್ಟೆಪಾಡಿನ ಪ್ರಶ್ನೆ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಹುಳುಗಳು ಹಗಲಿರುಳೆನ್ನದೆ ಸೊಪ್ಪು ಮೇಯುತ್ತಿರುವಾಗ ಕೆಲವುಗಳ ಮೈಮೇಲೆ ಕಪ್ಪು ಮಚ್ಚೆ ಕಾಣಿಸಿಕೊಳ್ಳುತ್ತದೆ. ದಿನ ಕಳೆದಂತೆ ಆ ಹುಳುವಿನ ಮೈ ಕೊರೆದುಕೊಂಡು ಬೇರೊಂದು ಬಿಳಿಚಿದ ಹುಳು ಹೊರಬೀಳುತ್ತದೆ. ಅಷ್ಟರಲ್ಲಿ ರೇಷ್ಮೆ ಹುಳು ಗೂಡು ಕಟ್ಟಿದ್ದರೆ ಗೂಡಿಗೇ ತೂತು. ಅಂಥ ಗೂಡಿನಿಂದ ಎಳೆ ಮುರಿಯದೆ ನೂಲು ಬಿಚ್ಚಲಾಗದು. ಹೊರಗಿನಿಂದ ಏನೂ ಬಂದದ್ದು ಕಾಣದವರಿಗೆ ಅದು ಒಳಗೇ ಹುಟ್ಟಿತು ಎನಿಸಿದರೆ ಆಶ್ಚರ್ಯವಿಲ್ಲ.

ಹಾಗೆ ಎನಿಸಿದ್ದು ನಮ್ಮೂರಿನವರಿಗಷ್ಟೇ ಅಲ್ಲ. ಹೇನು, ಸೊಳ್ಳೆ, ನೊಣಗಳು ಬೆವರು ಮತ್ತು ಬಿಸಿಯಿಂದ ಹುಟ್ಟುವ ಸ್ವೇದಜಗಳು ಎಂದು ನಮ್ಮ ಹಳೆಯ ಶಾಸ್ತ್ರಗಳು ವಿಂಗಡಿಸಿದವು. ಕೊಳೆತದ್ದರಿಂದ ಹುಳು ತಾನಾಗಿ ಹುಟ್ಟುತ್ತದೆ ಎಂದು ಅರಿಸ್ಟಾಟಲನೂ ನಂಬಿದ್ದ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವನು ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ. ಆತನ ಪುಸ್ತಕ ಹೊರಬಂದದ್ದು 1668ರಲ್ಲಿ. ಹಾವು, ಮೀನು, ಹಾವುಮೀನು, ಕರುವಿನ ಮಾಂಸ ಇವನ್ನು ಒಂದಷ್ಟು ಸೀಸೆಗಳಲ್ಲಿ ಹಾಕಿ ಬಾಯಿ ಕಟ್ಟಿದ. ಅಷ್ಟನ್ನೇ ಬೇರೆ ಸೀಸೆಗಳಲ್ಲಿ ತೆರೆದಿಟ್ಟ. ತೆರೆದವುಗಳಲ್ಲಿ ಹುಳು ಮುತ್ತಿತು, ಮುಚ್ಚಿದವುಗಳಲ್ಲಿ ಇಲ್ಲ. ಗಾಳಿ ತಡೆದದ್ದರಿಂದ ಹಾಗಾಯಿತು ಎಂಬ ತಕರಾರಿಗೆ ಎಡೆಕೊಡದಂತೆ ಮತ್ತೊಮ್ಮೆ ತೆಳುವಾದ ಜಾಲರಿ ಬಟ್ಟೆ ಕಟ್ಟಿ ನೋಡಿದ. ಗಾಳಿ ಆಡಿತು, ವಾಸನೆಗೆ ನೊಣಗಳೂ ಬಂದವು. ಆದರೆ ಮಾಂಸ ಮುಟ್ಟಲಾಗದೆ ಬಟ್ಟೆಯ ಮೇಲೇ ಮೊಟ್ಟೆಯಿಟ್ಟವು. ಬಿತ್ತಿದವರು ಸಿಕ್ಕಿಬಿದ್ದರು.

ಇಷ್ಟು ಕಂಡ ರೆಡಿಯೇ, ಗಿಡದ ಗಂಟುಗಳೊಳಗಿನ ಹುಳುಗಳನ್ನು ಗಿಡದ ಜೀವಶಕ್ತಿಯೇ ಹುಟ್ಟಿಸುತ್ತದೆ ಎಂದುಕೊಂಡ. ಅಲ್ಲಿಯೂ ಕೀಟಗಳ ಮೊಟ್ಟೆಯೇ ಕಾರಣವೆಂದು ಮುಂದೆ ಆಂಟೋನಿಯೊ ವಲ್ಲಿಸ್ನೇರಿ ತೋರಿಸಬೇಕಾಯಿತು. ಜೀವಂತ ಮೈಯೊಳಗಿನಿಂದ ಬರುವುದರ ಬಿತ್ತನೆ ಕಣ್ಣಿಗೆ ಬೀಳುವುದು ಅಷ್ಟು ಕಷ್ಟ.

ಹುಳು ಮನೆಯ ಕಥೆಯೂ ಇದೇ. ಕಪ್ಪು ಮಚ್ಚೆಯ ಹಿಂದಿರುವುದು ಊಜಿ ನೊಣ. ಪಶ್ಚಿಮ ಬಂಗಾಳದಲ್ಲಿ ಮೊದಲಿನಿಂದಲೂ ಇದ್ದ ಅದು ಕರ್ನಾಟಕದಲ್ಲಿ ಕಾಣಿಸಿಕೊಂಡದ್ದು 1980ರಲ್ಲಿ. ರೇಷ್ಮೆ ಹುಳುವಿನ ಚರ್ಮದ ಮೇಲೆ ಅದು ಗುಂಡುಸೂಜಿಯ ತಲೆಯಷ್ಟು ಚಿಕ್ಕ ಮೊಟ್ಟೆ ಇಡುತ್ತದೆ. ಎರಡು ಮೂರು ದಿನದಲ್ಲಿ ಮರಿ ಒಡೆದು ಒಳಗೆ ಕೊರೆಯುತ್ತದೆ. ಹೊಕ್ಕ ಜಾಗವೇ ಕಪ್ಪು ಮಚ್ಚೆ. ಇದಕ್ಕೆ ರೈತರು ಮೊದಲು ಮಾಡುವ ಉಪಾಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದು. ರೆಡಿಯ ಸೀಸೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಮಾಡಿದ್ದೂ ಅದೇ ಕೆಲಸ.

ಪರದೆಗೂ ಸಿಗದ ಬಿತ್ತನೆಯೊಂದಿದೆ. ಅದನ್ನು ಪತ್ತೆ ಹಚ್ಚಿದವನು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್. ಹಂಸದ ಕತ್ತಿನ ಗಾಜಿನ ಬುಡ್ಡಿಯಲ್ಲಿ ಸಾರು ಕುದಿಸಿಟ್ಟು, ಗಾಳಿ ಆಡಿದರೂ ಧೂಳು ಒಳಗೆ ಬರದಿದ್ದರೆ ಅದು ಕೆಡುವುದಿಲ್ಲವೆಂದು ತೋರಿಸಿ ಅವನು 1862ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದ. 1865ರಲ್ಲಿ ಸರ್ಕಾರ ಅವನನ್ನು ದಕ್ಷಿಣ ಫ್ರಾನ್ಸಿನ ಅಲೆಸ್‌ಗೆ ಕಳಿಸಿತು. ಅಲ್ಲಿ ಗಂಟು ರೋಗ ರೇಷ್ಮೆ ಹುಳುಗಳನ್ನು ನುಂಗುತ್ತಿತ್ತು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ಸೇರಿ ಬರುತ್ತದೆ ಎಂದು ಅವನು ಕಂಡುಕೊಂಡ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಹೊಳೆಯುವ ಅಂಡಾಕಾರದ ಕಣ ಕಂಡರೆ ಅದರ ಮೊಟ್ಟೆಗಳನ್ನು ನಾಶ ಮಾಡಬೇಕು ಎಂದು ಹೇಳಿಕೊಟ್ಟ. ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ‘ರೋಗರಹಿತ ಮೊಟ್ಟೆ’ ಎಂದು ಕೊಡುವುದು ಇದೇ ಪರೀಕ್ಷೆ ದಾಟಿ ಬಂದದ್ದನ್ನು.

ಹುಳು ಕೆಟ್ಟಾಗ ದೃಷ್ಟಿ ತಾಗಿತು, ಮೈಲಿಗೆಯಾಯಿತು ಎಂದು ಮನೆಯವರನ್ನೇ, ಅದರಲ್ಲೂ ಹೆಂಗಸರನ್ನು, ದೂರುವ ರೂಢಿ ಉಳಿಯುವುದು ‘ತಾನಾಗಿ ಹುಟ್ಟಿತು’ ಎನ್ನುವ ಕಡೆಯೇ. ಕಾರಣ ಕಾಣದಿದ್ದಲ್ಲಿ ತಪ್ಪಿತಸ್ಥರು ಬೇಗ ಸಿಗುತ್ತಾರೆ. ಬಿತ್ತಿದ್ದು ನೊಣ, ಬಿತ್ತಿದ್ದು ರೋಗದ ಚಿಟ್ಟೆ ಎಂದು ತಿಳಿದ ದಿನ ಗಾದೆ ಮನೆಯವರನ್ನು ಬಿಡುಗಡೆ ಮಾಡುತ್ತದೆ. ಹಾಗೆಂದು ಪೂರ್ತಿಯಾಗಿ ಅಲ್ಲ. ನೊಣದ ವಿಷಯ ತಿಳಿದೂ ಹರಿದ ಪರದೆ ಹೊಲಿಯದಿದ್ದರೆ, ಅಗ್ಗಕ್ಕೆ ಸಿಕ್ಕಿತೆಂದು ಪರೀಕ್ಷೆಯಾಗದ ಮೊಟ್ಟೆ ತಂದು ಮೇಯಿಸಿದರೆ, ಆ ಬಿತ್ತನೆಯಲ್ಲಿ ನಮ್ಮ ಪಾಲೂ ಇದೆ. ಅಲ್ಲಿ ಮಾತ್ರ ಈ ಗಾದೆಯನ್ನು ನಮ್ಮ ಮುಖಕ್ಕೆ ಹೇಳುವ ಹಕ್ಕು ಇತರರಿಗಿದೆ.